‘ಸಹಿ ನಂದಲ್ಲ ಸ್ವಾಮಿ’ ಅಂದರೆ ಸಾಲದು!

ಯಲಹಂಕ, ಹೆಬ್ಬಾಳದ ಕಡೆ ಸೈಟಿನ ಕರಾರು, ಕೈಸಾಲದ ಪತ್ರ ಮಾಮೂಲು. ಜಗಳ ಹತ್ತಿ ಸಿಟಿ ಸಿವಿಲ್ ಕೋರ್ಟಿನ ಮೆಟ್ಟಿಲೇರಿದಾಗ ಒಬ್ಬ ಅಂತಾನೆ: ‘ಸಹಿ ನಂದಲ್ಲ ಸ್ವಾಮಿ, ಮಡಿವಾಳದ ಲ್ಯಾಬಿಗೆ ಕಳಿಸಿ.’

ಅರ್ಜಿ ಹಾಕಿದ ಕೂಡಲೇ ಪತ್ರ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಗಿಬಿಡುತ್ತದೆಯೇ? ಇಲ್ಲ. ಕಳಿಸುವುದು, ಬಿಡುವುದು ನ್ಯಾಯಾಧೀಶರ ವಿವೇಚನೆ. ನ್ಯಾಯದ ದೃಷ್ಟಿಯಿಂದ ಅಗತ್ಯವೆನಿಸಿದರೆ ಮಾತ್ರ ವೈಜ್ಞಾನಿಕ ಪರೀಕ್ಷೆ ಎನ್ನುತ್ತದೆ ಸಿವಿಲ್ ಪ್ರಕ್ರಿಯಾ ಸಂಹಿತೆ (ಆದೇಶ 26, ನಿಯಮ 10ಎ). ನ್ಯಾಯಾಧೀಶರೇ ಸಹಿ ತಾಳೆ ನೋಡಲೂಬಹುದು. 1872ರ ಸಾಕ್ಷ್ಯ ಕಾಯಿದೆಯ 73ನೇ ಕಲಮಿನ ಈ ಅಧಿಕಾರ, 2024ರ ಜುಲೈ 1ರಂದು ಜಾರಿಗೆ ಬಂದ ಹೊಸ ಕಾಯಿದೆಯಲ್ಲಿ 72ನೇ ಕಲಮಾಗಿದೆ.

ಆದರೆ ಕಣ್ಣಳತೆಗೂ ಮಿತಿಯುಂಟು. ತಮಿಳುನಾಡಿನ ಒಂದು ಜಮೀನು ಕೇಸು ನೋಡಿ. 1980ರ ಕರಾರು, ಛಾಪಾ ಕಾಗದ ಕೊಂಡದ್ದು 1973 ಮತ್ತು 1978ರಲ್ಲಿ! ಮೇಲ್ಮನವಿ ಕೋರ್ಟು ಹೆಬ್ಬೆಟ್ಟಿನ ಗುರುತುಗಳನ್ನು ಮೇಲಿಂದ ಮೇಲೆ ನೋಡಿ ‘ಎರಡೂ ಒಂದೇ’ ಎಂದಿತ್ತು. ಇದು ಸರಿಯಲ್ಲವೆಂದ ಸುಪ್ರೀಂ ಕೋರ್ಟು, ಕರಾರು ಸಾಬೀತು ಮಾಡುವ ಹೊಣೆ ಅದನ್ನು ತಂದವನದೇ ಎಂದು 2008ರಲ್ಲಿ ತೀರ್ಪಿತ್ತಿತು. ಹಳೇ ಛಾಪಾ ಕಾಗದವೆಂಬ ಒಂದೇ ಕಾರಣಕ್ಕೆ ಕರಾರು ಬಿದ್ದುಹೋಗದು, ಅನುಮಾನ ಮಾತ್ರ ತಪ್ಪದು ಎಂದೂ ಹೇಳಿತು.

ಆದ್ದರಿಂದ ಅಂಗಡಿಯವರೇ, ಸೈಟಿನವರೇ, ಅಸಲು ಪತ್ರ ಜೋಪಾನ. ಜೆರಾಕ್ಸ್ ನಂಬಿ ಕೂರಬೇಡಿ. ಅದೇ ಕಾಲದ, ತಕರಾರಿಲ್ಲದ ಸಹಿಗಳನ್ನು ಬ್ಯಾಂಕು, ನೋಂದಣಿ ಕಚೇರಿಯ ದಾಖಲೆಗಳಲ್ಲಿ ಹುಡುಕಿಸಿ. ಅರ್ಜಿ ಬೇಗ ಹಾಕಿ. ವಾದ ಮುಗಿಯುವ ಹೊತ್ತಿಗೆ ಹಾಕಿದರೆ ಕಾಲಹರಣದ ಆಟ ಅನ್ನಿಸೀತು. ಪತ್ರಕ್ಕೆ ಸಾಕ್ಷಿ ಹಾಕಿದವರನ್ನೂ ಕೈಬಿಡಬೇಡಿ. ಯಾಕೆಂದರೆ ಲ್ಯಾಬಿನ ವರದಿಯೂ ತಜ್ಞರ ಅಭಿಪ್ರಾಯವಷ್ಟೇ, ತೀರ್ಪು ಕೋರ್ಟಿನದು.