ಹೆಚ್ಚುವರಿ ಮ್ಯಾಗಜಿನ್: ಸೊಂಟಕ್ಕೋ, ಜೇಬಿಗೋ?

ಟಿ. ನರಸೀಪುರ ತಾಲ್ಲೂಕಿನ ನಮ್ಮ ಮೂಗೂರು ಸೀಮೆಯಲ್ಲಿ ಬಂದೂಕು ಎಂದರೆ ಇವತ್ತಿಗೂ ಬಹುಮಟ್ಟಿಗೆ ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಒಂಟಿ ನಳಿಗೆ ಅಥವಾ ಜೋಡಿ ನಳಿಗೆಯ ಬಂದೂಕು. ಅದರಲ್ಲಿ ಗುಂಡು ತುಂಬಿಡುವ ಮ್ಯಾಗಜಿನ್ ಎನ್ನುವ ಭಾಗವೇ ಇಲ್ಲ. ಮೈಸೂರಿನಲ್ಲಿ ಪೊಲೀಸ್ ಇಲಾಖೆ ನಡೆಸುವ ನಾಗರಿಕ ಬಂದೂಕು ತರಬೇತಿಗೋ, ಎನ್‌ಸಿಸಿ ಶಿಬಿರಕ್ಕೋ ಹೋದಾಗಲೇ ನಮ್ಮ ಕಡೆಯ ಹುಡುಗ ಹುಡುಗಿಯರು ಮೊದಲ ಸಲ ಮ್ಯಾಗಜಿನ್ ಮುಟ್ಟುವುದು. ಅಷ್ಟರೊಳಗೆ ಸಿನಿಮಾ ಮತ್ತು ಮೊಬೈಲ್ ವಿಡಿಯೊಗಳು ತಲೆಯಲ್ಲಿ ಒಂದು ಚಿತ್ರ ಕೂರಿಸಿಬಿಟ್ಟಿರುತ್ತವೆ. ಎದೆ ತುಂಬ ಪೌಚ್ ಕಟ್ಟಿಕೊಂಡವನೇ ನಿಜವಾದ ಗುರಿಕಾರ ಎನ್ನುವ ಚಿತ್ರ ಅದು. ತರಬೇತಿಗೆ ಹೊರಡುವವರು ಈ ಚಿತ್ರವನ್ನು ಮೊದಲು ಬದಿಗಿಡಬೇಕು. ಮ್ಯಾಗಜಿನ್ ಎಲ್ಲಿಟ್ಟುಕೊಳ್ಳಬೇಕು ಎನ್ನುವುದು ನಮ್ಮ ಮತ್ತು ಪಕ್ಕದಲ್ಲಿ ನಿಂತವರ ಜೀವದ ಪ್ರಶ್ನೆ.

ತಪ್ಪು ಕಲ್ಪನೆ: ಮ್ಯಾಗಜಿನ್ ಹೆಚ್ಚಿದ್ದಷ್ಟೂ ಕಲಿಕೆ ಹೆಚ್ಚು.

ವಾಸ್ತವ: ಮೊದಲ ಹಂತದ ತರಬೇತಿಗೆ ಹೆಚ್ಚುವರಿ ಮ್ಯಾಗಜಿನ್ ಬೇಕಾಗುವುದೇ ಇಲ್ಲ ಎನ್ನಬಹುದು. ಎನ್‌ಸಿಸಿ ಕೆಡೆಟ್‌ಗಳು ಹೊಟ್ಟೆಯ ಮೇಲೆ ಮಲಗಿ ಹಾರಿಸುವ ಪಾಯಿಂಟ್ ಟೂಟೂ ರೈಫಲ್‌ನ ಮ್ಯಾಗಜಿನ್‌ಗೆ ಹಿಡಿಸುವುದು 5 ಗುಂಡು. 10 ಮೀಟರ್ ಏರ್ ರೈಫಲ್‌ನಲ್ಲೂ 50 ಮೀಟರ್ ರೈಫಲ್ ಸ್ಪರ್ಧೆಯಲ್ಲೂ ಪ್ರತಿ ಸಲ ಒಂದೊಂದೇ ತುಂಬಬೇಕು. 25 ಮೀಟರ್ ಪಿಸ್ತೂಲ್ ಸ್ಪರ್ಧೆಯಲ್ಲಿ ಒಂದು ಸರಣಿಗೆ ಐದೇ ಗುಂಡು. ನಮ್ಮ ಪೊಲೀಸರು ದಶಕಗಳ ಕಾಲ ಹೊತ್ತ ಪಾಯಿಂಟ್ ತ್ರೀ ನಾಟ್ ತ್ರೀ ರೈಫಲ್‌ನ ಕಥೆ ಇನ್ನೂ ಸ್ವಾರಸ್ಯದ್ದು. ಅದರ 10 ಗುಂಡಿನ ಮ್ಯಾಗಜಿನ್ ಬಿಚ್ಚಿ ತೆಗೆಯಲು ಬರುತ್ತದೆ, ಆದರೆ ಗುಂಡು ಹಾರಿಸುವಾಗ ಯಾರೂ ಅದನ್ನು ಬದಲಿಸುತ್ತಿರಲಿಲ್ಲ. ಬೋಲ್ಟ್ ಹಿಂದಕ್ಕೆಳೆದು, ಐದೈದು ಗುಂಡು ಸಿಕ್ಕಿಸಿದ ಕ್ಲಿಪ್ಪನ್ನು ಮೇಲಿನಿಂದಿಟ್ಟು ಹೆಬ್ಬೆರಳಿನಿಂದ ಒತ್ತಿ ತುಂಬುತ್ತಿದ್ದರು. ಸಿಪಾಯಿಯ ಪೌಚ್‌ನಲ್ಲಿ ಇರುತ್ತಿದ್ದದ್ದು ಗುಂಡಿನ ಕ್ಲಿಪ್ಪುಗಳೇ ಹೊರತು ಮ್ಯಾಗಜಿನ್ ಅಲ್ಲ. 20 ಗುಂಡಿನ ಮ್ಯಾಗಜಿನ್ ಇರುವ ಎಸ್‌ಎಲ್‌ಆರ್ ಮತ್ತು ಇನ್ಸಾಸ್ ರೈಫಲ್‌ಗಳು ಬಂದ ಮೇಲೆ ಮ್ಯಾಗಜಿನ್ ಹೊರುವ ಪೌಚ್ ಅಗತ್ಯವಾಯಿತು. ಅಂಥ ಆಯುಧದ ಪರವಾನಗಿ ಸಾಮಾನ್ಯ ನಾಗರಿಕರಿಗೆ ಸಿಗುವುದಿಲ್ಲ. ಹಾಗಾಗಿ ಎದೆಗೆ ಕಟ್ಟುವ ನಾಲ್ಕು ಖಾನೆಯ ಪೌಚ್ ನಮಗೆ ದುಡ್ಡು ದಂಡ. ಪಿಸ್ತೂಲ್ ಕಲಿಯುವವರಿಗೆ ಎರಡು ಖಾನೆಯದೊಂದು ಪೌಚ್ ಧಾರಾಳವಾಯಿತು.

ತಪ್ಪು ಕಲ್ಪನೆ: ಪ್ಯಾಂಟಿನ ಜೇಬಿದೆ, ಅದೇ ಸಾಕು.

ವಾಸ್ತವ: ಜೇಬಿನ ತಳವನ್ನು ಒಮ್ಮೆ ಹೊರಕ್ಕೆಳೆದು ನೋಡಿ. ಬಟ್ಟೆಯ ಜುಂಗು, ಮಣ್ಣು, ಕಡ್ಲೆಕಾಯಿ ಸಿಪ್ಪೆಯ ಚೂರು, ಚಿಲ್ಲರೆ, ಬೈಕಿನ ಕೀಲಿ. ಮ್ಯಾಗಜಿನ್‌ನ ಬಾಯಿಯ ಎರಡೂ ಅಂಚಿನಲ್ಲಿ ಒಳಕ್ಕೆ ಬಾಗಿದ ತೆಳುವಾದ ತಗಡಿನ ತುಟಿಗಳಿರುತ್ತವೆ. ಮೇಲಿನ ಗುಂಡನ್ನು ಸರಿಯಾದ ಕೋನದಲ್ಲಿ ಹಿಡಿದು ನಳಿಗೆಯತ್ತ ಬಿಡುವ ಕೆಲಸ ಅವುಗಳದ್ದು. ಕೀಲಿಗೊಂಚಲಿನ ಜೊತೆ ಬಿದ್ದು ಆ ತುಟಿ ಕೂದಲೆಳೆಯಷ್ಟು ಸೊಟ್ಟಗಾದರೂ ಗುಂಡು ಓರೆಯಾಗಿ ಏರಿ ಸಿಕ್ಕಿಕೊಳ್ಳುತ್ತದೆ. ಗುಂಡಿನ ಪಕ್ಕದಿಂದ ಒಳಗೆ ಇಳಿದ ಮರಳು ಸ್ಪ್ರಿಂಗ್ ಮೇಲಿನ ತಟ್ಟೆಯನ್ನು ತಡೆಹಿಡಿಯುತ್ತದೆ. ಸಿಕ್ಕಿಕೊಂಡ ಗುಂಡನ್ನು ಬಿಡಿಸುವ ಅವಸರದಲ್ಲಿ ಹೊಸಬರ ಕೈಯಲ್ಲಿ ನಳಿಗೆ ಎತ್ತೆತ್ತಲೋ ತಿರುಗುವುದುಂಟು. ಫೈರಿಂಗ್ ರೇಂಜಿನಲ್ಲಿ ಅದಕ್ಕಿಂತ ಭಯ ಹುಟ್ಟಿಸುವ ಕ್ಷಣ ಇನ್ನೊಂದಿಲ್ಲ.

ಜೇಬಿಗೆ ಇನ್ನೊಂದು ದೋಷವೂ ಇದೆ. ಒಳಗೆ ಮ್ಯಾಗಜಿನ್ ಪ್ರತಿ ಸಲ ಬೇರೆ ಬೇರೆ ಮಗ್ಗುಲಿಗೆ ತಿರುಗಿ ಕೂತಿರುತ್ತದೆ. ಅದು ಯಾವ ಕಡೆ ಮುಖ ಮಾಡಿದೆ ಎಂದು ಕಣ್ಣಿನಿಂದ ನೋಡಲೇಬೇಕು. ಆಗ ಕಣ್ಣು ಗುರಿಯನ್ನೂ ಬಿಡುತ್ತದೆ, ಕೈಯಲ್ಲಿರುವ ಆಯುಧವನ್ನೂ ಬಿಡುತ್ತದೆ.

ತಪ್ಪು ಕಲ್ಪನೆ: ಬಲಗೈಯವರು ಪೌಚ್ ಬಲಕ್ಕೇ ಕಟ್ಟಬೇಕು.

ವಾಸ್ತವ: ಬಲಗೈ ಬಂದೂಕು ಹಿಡಿದಿರುತ್ತದೆ, ಬಿಡುವಾಗಿರುವುದು ಎಡಗೈ. ಆದ್ದರಿಂದ ಬಲಗೈಯವರು ಎಡಸೊಂಟಕ್ಕೆ, ಎಡಚರು ಬಲಸೊಂಟಕ್ಕೆ ಕಟ್ಟಬೇಕು. ಪಿಸ್ತೂಲಿನ ಮ್ಯಾಗಜಿನ್ ಪೌಚ್‌ನೊಳಗೆ ತಲೆಕೆಳಗಾಗಿ ಕೂರಬೇಕು, ಅಂದರೆ ತಳ ಮೇಲಕ್ಕೆ, ಬಾಯಿ ಕೆಳಕ್ಕೆ, ಗುಂಡಿನ ಮೂತಿ ಮುಂದಕ್ಕೆ. ಹೀಗಿದ್ದರೆ ಎಡಗೈ ಇಳಿಸಿದಾಗ ತೋರುಬೆರಳು ಮ್ಯಾಗಜಿನ್‌ನ ಮುಂಬದಿಗೆ ನೇರವಾಗಿ ಒರಗುತ್ತದೆ. ಹೊರಕ್ಕೆಳೆದಾಗ ಬೆರಳ ತುದಿ ಮೇಲಿನ ಗುಂಡಿನ ಮೂತಿಯ ಬಳಿ ಇರುತ್ತದೆ, ಪಿಸ್ತೂಲಿನ ಹಿಡಿಯೊಳಗಿನ ದಾರಿಯನ್ನು ಆ ಬೆರಳೇ ತೋರಿಸುತ್ತದೆ. ಬಾಯಿ ಕೆಳಗಿರುವುದರಿಂದ ದೂಳಿನಿಂದಲೂ ಮಳೆಹನಿಯಿಂದಲೂ ರಕ್ಷಣೆ. ರೈಫಲ್ ಮ್ಯಾಗಜಿನ್‌ಗೂ ತಲೆಕೆಳಗಿನ ನಿಯಮವೇ. ಅದರ ಗುಂಡು ಯಾವ ದಿಕ್ಕಿಗೆ ಮುಖ ಮಾಡಬೇಕು ಎನ್ನುವುದು ಆಯಾ ರೈಫಲ್‌ನ ಅಭ್ಯಾಸಕ್ರಮವನ್ನು ಅವಲಂಬಿಸಿದೆ, ಬೋಧಕರು ಹೇಳಿದಂತೆ ಮಾಡಬೇಕು.

ಪೌಚ್‌ನ ಜಾಗವನ್ನು ದಿನಕ್ಕೊಂದು ಕಡೆ ಬದಲಿಸಬೇಡಿ. ರಾತ್ರಿ ಕರೆಂಟ್ ಹೋದರೂ ಅಡುಗೆಮನೆಯಲ್ಲಿ ಬೆಂಕಿಪೊಟ್ಟಣಕ್ಕೆ ನೇರವಾಗಿ ಕೈ ಹೋಗುವ ಹಾಗೆ ಇದೂ ಕೈಗೆ ರೂಢಿಯಾಗಬೇಕು.

ತಪ್ಪು ಕಲ್ಪನೆ: ತೊಗಲಿನ ಪೌಚೇ ಶ್ರೇಷ್ಠ.

ವಾಸ್ತವ: ತೊಗಲು ಬಾಳಿಕೆ ಬರುತ್ತದೆ, ನೋಡಲು ಚೆಂದ, ಒಪ್ಪುವ ಮಾತೇ. ಆದರೆ ಮಳೆಯಲ್ಲಿ ನೆಂದರೆ ಬಿಗಿಯುತ್ತದೆ, ಬಹಳ ದಿನ ಬಳಸಿದರೆ ಸಡಿಲವಾಗುತ್ತದೆ. ಗುಂಡನ್ನು ತಿಂಗಳುಗಟ್ಟಲೆ ತೊಗಲಿನಲ್ಲೇ ಬಿಟ್ಟರೆ ಹಿತ್ತಾಳೆಗೆ ಕಿಲುಬು ಹಿಡಿಯುತ್ತದೆ. ಹಳೆಯ ಮನೆಗಳ ಗೋಡೆಗೆ ತೂಗುಹಾಕಿದ ಕಾಡತೂಸಿನ ಬೆಲ್ಟಿನಲ್ಲಿ ಇದನ್ನು ಕಣ್ಣಾರೆ ಕಾಣಬಹುದು. ಕಾಡತೂಸಿನ ಹಿತ್ತಾಳೆ ತಳದ ಸುತ್ತ ಹಸಿರು ಮೇಣದಂಥದ್ದು ಕಟ್ಟಿರುತ್ತದೆ, ಉಗುರಿನಿಂದ ಕೆರೆದರೆ ಏಳುತ್ತದೆ. ಅಂಥ ಕಾಡತೂಸು ನಳಿಗೆಯಲ್ಲಿ ಸಿಕ್ಕಿಕೊಳ್ಳಬಹುದು. ಅದನ್ನು ಒರೆಸಿ ಹಾರಿಸಲು ಹೋಗದೆ ಪರವಾನಗಿ ಇರುವ ವ್ಯಾಪಾರಿಗೆ ತೋರಿಸಿ ಕೇಳುವುದು ಒಳ್ಳೆಯದು. ತೊಗಲಿನ ಬೆಲ್ಟ್ ಕಾಡತೂಸನ್ನು ಹೊರುವುದಕ್ಕೆ, ಇಡುವುದಕ್ಕಲ್ಲ.

ಕ್ಯಾನ್ವಾಸ್, ನೈಲಾನ್, ಗಟ್ಟಿ ಪ್ಲಾಸ್ಟಿಕ್ ಯಾವುದಾದರೂ ಆಗಲಿ, ಪರೀಕ್ಷೆ ಒಂದೇ. ಖಾಲಿ ಮ್ಯಾಗಜಿನ್ ಹಾಕಿ ಬಗ್ಗಿ, ಮೊಣಕಾಲೂರಿ, ನಾಲ್ಕು ಹೆಜ್ಜೆ ಓಡಿ. ಬೀಳಬಾರದು. ಆಮೇಲೆ ಒಂದೇ ಕೈಯಲ್ಲಿ ಎಳೆಯಿರಿ, ತಡವರಿಸದೆ ಬರಬೇಕು. ಪೌಚ್ ಚೆನ್ನಾಗಿದ್ದು ಬೆಲ್ಟ್ ಜೋಲುತ್ತಿದ್ದರೆ ಎಳೆದಾಗ ಪೌಚ್ ಸಮೇತ ಮೇಲೆ ಬರುತ್ತದೆ. ಆದ್ದರಿಂದ ಮೊದಲ ಖರ್ಚು ದಪ್ಪನೆಯ ಬೆಲ್ಟಿಗೆ ಆಗಲಿ.

ತಪ್ಪು ಕಲ್ಪನೆ: ತುಂಬಿದ ಮ್ಯಾಗಜಿನ್ ಹಾಗೇ ಇಟ್ಟರೆ ಸ್ಪ್ರಿಂಗ್ ಸತ್ತುಹೋಗುತ್ತದೆ.

ವಾಸ್ತವ: ಒಳ್ಳೆಯ ಸ್ಪ್ರಿಂಗ್ ಸವೆಯುವುದು ಒತ್ತಿ ಹಿಡಿದದ್ದರಿಂದಲ್ಲ, ಮತ್ತೆ ಮತ್ತೆ ಒತ್ತಿ ಬಿಡುವುದರಿಂದ. ತರಬೇತಿಯಲ್ಲಿ ಮ್ಯಾಗಜಿನ್ ಕೆಡುವುದು ಕಾಂಕ್ರೀಟಿನ ಮೇಲೆ ಬಿದ್ದು. ಆದರೂ ತುಂಬಿದ ಮ್ಯಾಗಜಿನ್ ಸೊಂಟದಲ್ಲಿಟ್ಟುಕೊಂಡು ಓಡಾಡಬಾರದು. ಅದಕ್ಕೆ ಕಾರಣ ಸ್ಪ್ರಿಂಗ್ ಅಲ್ಲ, ರೇಂಜಿನ ಶಿಸ್ತು. ಆಜ್ಞೆ ಬಂದ ಮೇಲೆ ತುಂಬಬೇಕು, ಆಜ್ಞೆ ಬಂದ ಕೂಡಲೇ ಖಾಲಿ ಮಾಡಬೇಕು.

ತಪ್ಪು ಕಲ್ಪನೆ: ಮ್ಯಾಗಜಿನ್ ತೆಗೆದರೆ ಬಂದೂಕು ಖಾಲಿ.

ವಾಸ್ತವ: ಈ ಬರಹದಲ್ಲಿ ಒಂದೇ ಒಂದು ವಿಷಯ ನೆನಪಿಡಬೇಕು ಎಂದರೆ ಇದನ್ನು ನೆನಪಿಡಿ. ಮ್ಯಾಗಜಿನ್ ತೆಗೆದಾಗ ಹೊರಬರುವುದು ಅದರೊಳಗಿನ ಗುಂಡುಗಳು ಮಾತ್ರ. ಅದಕ್ಕೂ ಮೊದಲೇ ನಳಿಗೆಯ ಬುಡಕ್ಕೆ ಏರಿಹೋದ ಒಂದು ಗುಂಡು ಅಲ್ಲೇ ಇರುತ್ತದೆ. ಬಹಳಷ್ಟು ಪಿಸ್ತೂಲುಗಳು ಮ್ಯಾಗಜಿನ್ ಇಲ್ಲದಿದ್ದರೂ ಆ ಒಂದು ಗುಂಡನ್ನು ಹಾರಿಸುತ್ತವೆ. “ಖಾಲಿ ಇದೆ ಅಂದುಕೊಂಡಿದ್ದೆ” ಎಂಬ ಮಾತು ಪ್ರಾಣ ಹೋದ ಮೇಲೆ ಕೇಳಿಬರುವ ಮಾತು.

ಕ್ರಮ ಹೀಗಿದೆ. ನಳಿಗೆ ಗುರಿಯ ಕಡೆಗೇ ಇರಲಿ, ಬೆರಳು ಟ್ರಿಗರ್‌ನಿಂದ ಹೊರಗಿರಲಿ. ಮೊದಲು ಮ್ಯಾಗಜಿನ್ ತೆಗೆಯಿರಿ. ಆಮೇಲೆ ಬೋಲ್ಟ್ ಅಥವಾ ಸ್ಲೈಡ್ ಹಿಂದಕ್ಕೆಳೆದು ಅಲ್ಲೇ ತಡೆದು ನಿಲ್ಲಿಸಿ. ನಳಿಗೆಯ ಬುಡವನ್ನು ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ ಖಾತ್ರಿ ಮಾಡಿಕೊಳ್ಳಿ. ಪಕ್ಕದವರಿಗೆ ತೋರಿಸಿ. ಈ ಕ್ರಮವನ್ನು ಹಿಂದುಮುಂದು ಮಾಡುವಂತಿಲ್ಲ: ಮೊದಲು ಸ್ಲೈಡ್ ಎಳೆದು ಆಮೇಲೆ ಮ್ಯಾಗಜಿನ್ ತೆಗೆದರೆ, ಒಂದು ಗುಂಡು ಹೊರಬಿದ್ದು ಇನ್ನೊಂದು ಒಳಗೇರಿರುತ್ತದೆ.

ಮನೆಯಲ್ಲಿ ಮ್ಯಾಗಜಿನ್ ಬದಲಿಸುವ ಅಭ್ಯಾಸ ಮಾಡಬೇಕೆನಿಸಿದರೆ ನಕಲಿ ಗುಂಡು ಬಳಸಿ. ನಿಜವಾದ ಗುಂಡು ಆ ಕೋಣೆಯಲ್ಲೇ ಇರಬಾರದು, ಬೇರೆ ಕೋಣೆಯ ಬೀರುವಿನಲ್ಲಿ ಬೀಗದೊಳಗಿರಲಿ. ನಿಜವಾದದ್ದನ್ನೂ ನಕಲಿಯನ್ನೂ ಒಂದೇ ಪೌಚ್‌ನಲ್ಲಿ ಇಡುವುದು ಕ್ಷಮೆಯಿಲ್ಲದ ತಪ್ಪು.

ತಪ್ಪು ಕಲ್ಪನೆ: ಖಾಲಿ ಮ್ಯಾಗಜಿನ್ ಬರೀ ತಗಡಿನ ಡಬ್ಬಿ, ಯಾರು ಬೇಕಾದರೂ ಇಟ್ಟುಕೊಳ್ಳಬಹುದು.

ವಾಸ್ತವ: 1959ರ ಶಸ್ತ್ರಾಸ್ತ್ರ ಕಾಯ್ದೆಯ ವ್ಯಾಖ್ಯಾನದಲ್ಲಿ ಬಂದೂಕಿನ ಬಿಡಿಭಾಗಗಳೂ ಬಂದೂಕಿನ ಲೆಕ್ಕಕ್ಕೇ ಸೇರುತ್ತವೆ. ಪರವಾನಗಿ ಅಪ್ಪನ ಹೆಸರಿನಲ್ಲಿದೆ ಎಂದು ಮಗ ಮ್ಯಾಗಜಿನ್ನನ್ನೋ ಕಾಡತೂಸನ್ನೋ ಬ್ಯಾಗಿಗೆ ಹಾಕಿಕೊಂಡು ಬಸ್ ಹತ್ತುವಂತಿಲ್ಲ. ಎಷ್ಟು ಗುಂಡು ಇಟ್ಟುಕೊಳ್ಳಬಹುದು ಎನ್ನುವುದನ್ನು ಪರವಾನಗಿ ಪುಸ್ತಕವೇ ಹೇಳುತ್ತದೆ, ಓದಿ ನೋಡಿ. 2019ರ ತಿದ್ದುಪಡಿಯ ಪ್ರಕಾರ ಮದುವೆ, ಹಬ್ಬದ ಸಂಭ್ರಮದಲ್ಲಿ ಇತರರ ಪ್ರಾಣಕ್ಕೆ ಅಪಾಯವಾಗುವಂತೆ ಗುಂಡು ಹಾರಿಸಿದರೆ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು.

ತಪ್ಪು ಕಲ್ಪನೆ: ಚಿರತೆ ಕಾಟ ಇರುವ ಊರು, ಜೇಬಿನಲ್ಲಿ ನಾಲ್ಕು ಗುಂಡು ಇದ್ದರೆ ಧೈರ್ಯ.

ವಾಸ್ತವ: 2022ರ ಕೊನೆಯಿಂದ 2023ರ ಜನವರಿವರೆಗೆ ಟಿ. ನರಸೀಪುರ ತಾಲ್ಲೂಕಿನಲ್ಲಿ ಚಿರತೆ ದಾಳಿಗೆ ಜನ ಬಲಿಯಾದರು. ಆ ದಿನಗಳ ಭಯ ಸುಳ್ಳಲ್ಲ, ಅದನ್ನು ಹಗುರವಾಗಿ ಕಾಣುವ ಹಕ್ಕು ಯಾರಿಗೂ ಇಲ್ಲ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿರುವ ಪ್ರಾಣಿ ಚಿರತೆ. ಪ್ರಾಣ ಉಳಿಸಿಕೊಳ್ಳಲು ಸದುದ್ದೇಶದಿಂದ ಮಾಡಿದ್ದಕ್ಕೆ ಕಾಯ್ದೆಯಲ್ಲಿ ವಿನಾಯಿತಿ ಇದೆ, ಹುಡುಕಿಕೊಂಡು ಹೋಗಿ ಹೊಡೆಯುವುದಕ್ಕೆ ಇಲ್ಲ. ಕತ್ತಲಲ್ಲಿ, ಆಳೆತ್ತರದ ಕಬ್ಬಿನ ನಡುವೆ ಹಾರಿಸಿದ ಗುಂಡು ಆಚೆ ಬದುವಿನ ಮೇಲೆ ನೀರು ಕಟ್ಟುತ್ತಿರುವವನನ್ನು ತಾಕಬಹುದು. ಅರಣ್ಯ ಇಲಾಖೆಗೆ ತಿಳಿಸಿ, ಗುಂಪಿನಲ್ಲಿ ಓಡಾಡಿ, ಬೋನು ಇಡಿಸಿ.

ತರಬೇತಿಗೆ ಹೆಸರು ಕೊಟ್ಟಿರುವವರಲ್ಲಿ ಒಂದು ವಿನಂತಿ. ಮೊದಲ ದಿನಕ್ಕೆಂದು ಪೌಚ್ ಕೊಳ್ಳಬೇಡಿ. ಗಟ್ಟಿ ಬೆಲ್ಟ್ ಕಟ್ಟಿ, ಬೆರಳು ಮುಚ್ಚುವ ಬೂಟು ಹಾಕಿ, ಜೇಬು ಖಾಲಿ ಮಾಡಿಕೊಂಡು ಹೋಗಿ. ಯಾವ ಆಯುಧ ಕೊಡುತ್ತಾರೆ, ಹೆಚ್ಚುವರಿ ಮ್ಯಾಗಜಿನ್ ಬೇಕಾಗುತ್ತದೆಯೇ ಎಂದು ಬೋಧಕರನ್ನೇ ಕೇಳಿ. ಬೇಕು ಎಂದರೆ, ನಿಮ್ಮ ಮ್ಯಾಗಜಿನ್‌ಗೆ ಹೊಂದುವ ಪೌಚನ್ನು ಆಮೇಲೆ ಕೊಳ್ಳಿ.