ಕಟ್ಟಡದ ಕೀಲುಗಳು ಮತ್ತು ಬೆಂಕಿಯ ಭಯ

ಕೃಷ್ಣೆಯ ಉತ್ತರಕ್ಕಿರುವ ನಾರಾಯಣಪೇಟೆ ಮತ್ತು ಮಕ್ತಲ್, ಕೃಷ್ಣಾ–ತುಂಗಭದ್ರೆಯರ ನಡುವಿನ ಗದ್ವಾಲ, ಈ ಮೂರೂ ರಾಯಚೂರು ಸೀಮೆಗೆ ತಗುಲಿಕೊಂಡು, ಕನ್ನಡವೂ ತೆಲುಗೂ ಕೂಡಿ ಬಾಳುವ ನೆಲದ ಊರುಗಳು. ನಾರಾಯಣಪೇಟೆ ಮತ್ತು ಗದ್ವಾಲದ ಹೆಸರು ಕೈಮಗ್ಗದ ಸೀರೆಗಳಿಂದ ದೂರದವರೆಗೆ ಹಬ್ಬಿದೆ. ಸುತ್ತಲಿನ ಹೊಲಗಳು ಹತ್ತಿ ಬೆಳೆಯುತ್ತವೆ. ಇಲ್ಲಿಯ ಬದುಕಿಗೆ ಆಧಾರವಾದ ಅರಳೆ, ನೂಲು, ಬಟ್ಟೆಗಳು ಬೇಗ ಉರಿಯುವ ಸರಕುಗಳಾದ್ದರಿಂದ, ಕಟ್ಟಡವೊಂದು ಬೆಂಕಿಗೆ ಎಷ್ಟು ಹೊತ್ತು ತಡೆದು ನಿಲ್ಲುತ್ತದೆ ಎಂಬ ಪ್ರಶ್ನೆಯನ್ನು ಮಹಾನಗರದ ಬಹುಮಹಡಿಗಳಿಗೆ ಬಿಟ್ಟುಕೊಡಲಾಗದು. ಆ ಹೊತ್ತನ್ನು ನಿರ್ಧರಿಸುವಲ್ಲಿ ಗೋಡೆ, ಕಂಬ, ತೊಲೆಗಳ ಪಾಲಿನಷ್ಟೇ ಅವುಗಳನ್ನು ಹಿಡಿದು ನಿಲ್ಲಿಸುವ ಬೋಲ್ಟು, ಸ್ಕ್ರೂ, ಮೊಳೆಗಳೆಂಬ ಕೀಲುಗಳ ಪಾಲೂ ಇದೆ.

1970ರಲ್ಲಿ ಮೊದಲು ಪ್ರಕಟವಾಗಿ 1983, 2005 ಮತ್ತು 2016ರಲ್ಲಿ ಪರಿಷ್ಕೃತವಾದ ರಾಷ್ಟ್ರೀಯ ಕಟ್ಟಡ ಸಂಹಿತೆಯ ನಾಲ್ಕನೆಯ ಭಾಗ ಅಗ್ನಿ ಮತ್ತು ಜೀವ ಸುರಕ್ಷತೆಗೆ ಮೀಸಲಾಗಿದೆ. ಅದು ಕಟ್ಟಡಗಳನ್ನು ಬಳಕೆಗೆ ತಕ್ಕಂತೆ ವಾಸ, ಶಿಕ್ಷಣ, ಸಭೆ, ವ್ಯಾಪಾರ, ಕೈಗಾರಿಕೆ, ದಾಸ್ತಾನು ಮುಂತಾಗಿ ವಿಂಗಡಿಸಿ, ಭಾರ ಹೊರುವ ಅಂಗಗಳು ಎಷ್ಟು ಗಂಟೆ ಬೆಂಕಿಯನ್ನು ತಾಳಬೇಕು, ಹೊರದಾರಿ ಎಷ್ಟು ಹತ್ತಿರವಿರಬೇಕು ಎಂಬುದನ್ನು ಹೇಳುತ್ತದೆ. ಅಂಗಡಿಯೊಳಗಿನ ಯಾವುದೇ ಜಾಗದಿಂದ ಹೊರದಾರಿಗೆ 30 ಮೀಟರಿಗಿಂತ ಹೆಚ್ಚು ನಡೆಯಬೇಕಾಗಬಾರದು ಎಂಬುದು ಅಂಥ ಒಂದು ನಿಯಮ. ಈ ಊರುಗಳಿರುವ ತೆಲಂಗಾಣದಲ್ಲಿ 1999ರ ಅಗ್ನಿಶಾಮಕ ಸೇವಾ ಕಾಯ್ದೆಯಂತೆ 15 ಮೀಟರಿಗಿಂತ ಎತ್ತರದ ವಾಣಿಜ್ಯ ಕಟ್ಟಡಗಳಿಗೂ, 18 ಮೀಟರಿಗಿಂತ ಎತ್ತರದ ವಸತಿ ಕಟ್ಟಡಗಳಿಗೂ, 6 ಮೀಟರಿಗಿಂತ ಎತ್ತರವಿದ್ದು ಜನ ಸೇರುವ ಶಾಲೆ, ಚಿತ್ರಮಂದಿರ, ಫಂಕ್ಷನ್ ಹಾಲ್‌ಗಳಿಗೂ ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣಾ ಪತ್ರ ಬೇಕು.

ಆದರೆ ಸಣ್ಣ ಪಟ್ಟಣಗಳ ಪೇಟೆಬೀದಿಯಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ ಇರುವ ಎರಡು ಮೂರು ಅಂತಸ್ತಿನ ಕಟ್ಟಡ ವಾಣಿಜ್ಯ, ವಸತಿ ಕಟ್ಟಡಗಳಿಗೆ ಹೇಳಿದ ಎತ್ತರವನ್ನು ಮುಟ್ಟುವುದೇ ಇಲ್ಲ. 2025ರ ಮೇ 18ರಂದು ಹೈದರಾಬಾದಿನ ಚಾರ್‌ಮಿನಾರ್ ಬಳಿಯ ಗುಲ್ಜಾರ್ ಹೌಜ್‌ನಲ್ಲಿ ಹೊತ್ತಿ ಉರಿದು 17 ಜನರ ಪ್ರಾಣ ತೆಗೆದದ್ದು ಇಂಥದೇ ಕಟ್ಟಡ: ಕೆಳಗೆ ಅಂಗಡಿ, ಮೇಲೆ ಕುಟುಂಬ, ಇಳಿಯಲು ಕಿರಿದಾದ ಒಂದೇ ದಾರಿ. ಇಂಥ ಕಟ್ಟಡಗಳಲ್ಲಿ ಪರಿಶೀಲನೆಯ ಹೊಣೆ ಬಹುಪಾಲು ಮನೆಯೊಡೆಯ, ಗೌಂಡಿ ಮತ್ತು ವೆಲ್ಡರ್‌ಗಳ ಮೇಲೆಯೇ ಬೀಳುವುದರಿಂದ, ಬೆಂಕಿಯಲ್ಲಿ ಕೀಲುಗಳಿಗೆ ಏನಾಗುತ್ತದೆ ಎಂಬ ತಿಳಿವಳಿಕೆ ಅವರಿಗೇ ಮೊದಲು ಇರಬೇಕಾಗುತ್ತದೆ.

ಉಕ್ಕು ಉರಿಯುವುದಿಲ್ಲ, ಆದರೆ ಕಾದಾಗ ಬಲಗುಂದುತ್ತದೆ. ಉಕ್ಕಿನ ಕಟ್ಟಡಗಳ ಭಾರತೀಯ ಮಾನಕವಾದ ಐಎಸ್ 800ರ ಸೂತ್ರದಂತೆ 550 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದರ ಬಲ ಸುಮಾರು ಅರ್ಧಕ್ಕಿಳಿಯುತ್ತದೆ. ಅಗ್ನಿಪರೀಕ್ಷೆಗೆ ಜಗತ್ತಿನಾದ್ಯಂತ ಬಳಸುವ ಪ್ರಮಾಣಿತ ಕುಲುಮೆಯ ಬಿಸಿ ಐದೇ ನಿಮಿಷಗಳಲ್ಲಿ 576 ಡಿಗ್ರಿಯನ್ನೂ ಅರ್ಧ ಗಂಟೆಯಲ್ಲಿ 842 ಡಿಗ್ರಿಯನ್ನೂ ಮುಟ್ಟುತ್ತದೆ. ಬೋಲ್ಟಿನ ತಲೆಯ ಮೇಲೆ ಒತ್ತಿರುವ 4.6, 8.8 ಎಂಬ ಅಂಕಿಗಳು ಅದರ ದರ್ಜೆಯನ್ನು ಸೂಚಿಸುತ್ತವೆ, 8.8 ದರ್ಜೆಯ ಬೋಲ್ಟು ಎಳೆತದಲ್ಲಿ ಪ್ರತಿ ಚದರ ಮಿಲಿಮೀಟರಿಗೆ 800 ನ್ಯೂಟನ್ ಬಲವನ್ನು ತಾಳುತ್ತದೆ. ಆದರೆ ಈ ಬಲ ಉಕ್ಕನ್ನು ಕಾಸಿ, ದಿಢೀರನೆ ತಣಿಸಿ, ಮತ್ತೆ ಹದವಾಗಿ ಕಾಸಿ ಪಡೆದದ್ದಾದ್ದರಿಂದ, ಬೆಂಕಿಯಲ್ಲಿ ಅದು ಬೇಗ ಕರಗುತ್ತದೆ: ಯುರೋಪಿನ ಸಂಹಿತೆಯ ಲೆಕ್ಕದಂತೆ 600 ಡಿಗ್ರಿಯಲ್ಲಿ ಸಾಮಾನ್ಯ ತೊಲೆಯ ಉಕ್ಕಿಗೆ ಶೇ. 47ರಷ್ಟು ಬಲ ಉಳಿದರೆ, ಬೋಲ್ಟಿಗೆ ಉಳಿಯುವುದು ಶೇ. 22 ಮಾತ್ರ. ಗೋದಾಮಿನ ತೊಲೆಗಳಿಗೆ ಅಗ್ನಿನಿರೋಧಕ ಲೇಪವನ್ನೋ ಗಾರೆಯನ್ನೋ ಹಚ್ಚಿ, ಜೋಡಣೆಯ ತಟ್ಟೆ ಮತ್ತು ಬೋಲ್ಟುಗಳನ್ನು ಬರಿದಾಗಿ ಬಿಟ್ಟರೆ ಆ ಖರ್ಚು ವ್ಯರ್ಥವಾಗುವುದು ಈ ಕಾರಣಕ್ಕೆ.

ಗೋಡೆಗೆ ಡ್ರಿಲ್ ಹಾಕಿ ಕೂರಿಸುವ ಪ್ಲಾಸ್ಟಿಕ್ ಪ್ಲಗ್ ಇನ್ನೂ ದುರ್ಬಲವಾದದ್ದು. ನೈಲಾನ್ ಸುಮಾರು 220ರಿಂದ 260 ಡಿಗ್ರಿಯೊಳಗೆ ಕರಗುತ್ತದೆ. ರಂಧ್ರದಲ್ಲಿ ರಾಳ ತುಂಬಿ ಕೂರಿಸುವ ರಾಸಾಯನಿಕ ಆ್ಯಂಕರಿನ ಹಿಡಿತವೂ ಬಿಸಿಗೆ ಸಡಿಲುತ್ತದೆ. ಇಂಗ್ಲೆಂಡಿನ ಸೌತಾಂಪ್ಟನ್‌ನ ಶರ್ಲಿ ಟವರ್ಸ್‌ನಲ್ಲಿ 2010ರ ಏಪ್ರಿಲ್‌ನಲ್ಲಿ ಬೆಂಕಿ ಬಿದ್ದಾಗ, ವೈರುಗಳನ್ನು ಹಿಡಿದಿದ್ದ ಪ್ಲಾಸ್ಟಿಕ್ ಕರಗಿ ವೈರುಗಳು ಜೋತುಬಿದ್ದವು. ಅಲ್ಲಿ ಪ್ರಾಣ ಕಳೆದುಕೊಂಡ ಇಬ್ಬರು ಅಗ್ನಿಶಾಮಕ ಸಿಬ್ಬಂದಿ ಅವುಗಳಲ್ಲಿ ಸಿಲುಕಿದ್ದರು. ಮುಂದೆ ಬ್ರಿಟನ್ನಿನ ವೈರಿಂಗ್ ನಿಯಮಗಳು, ಬೆಂಕಿಯಲ್ಲಿ ಅವಧಿಗೆ ಮುನ್ನ ಕಳಚಿ ಬೀಳದ ಆಧಾರಗಳಿಂದಲೇ ವೈರುಗಳನ್ನು ಹಿಡಿಸಬೇಕೆಂದು ವಿಧಿಸಿದವು. ಮೆಟ್ಟಿಲು ಮತ್ತು ಹೊರದಾರಿಯ ಮೇಲೆ ಹಾಯುವ ವೈರು, ನೀರಿನ ಕೊಳವೆ, ಫಾಲ್ಸ್ ಸೀಲಿಂಗ್‌ಗಳಿಗೆ ಉಕ್ಕಿನ ಕ್ಲ್ಯಾಂಪು ಮತ್ತು ಕಾಂಕ್ರೀಟಿನಲ್ಲಿ ಹಿಗ್ಗಿ ಕಚ್ಚುವ ಉಕ್ಕಿನ ಆ್ಯಂಕರ್ ಬಳಸುವುದಕ್ಕೆ ತಗಲುವ ಹೆಚ್ಚಿನ ಖರ್ಚು ಅಲ್ಪ.

ಬಾಗಿಲಿನ ವಿಷಯವೂ ಹೀಗೆಯೇ. ಬೆಂಕಿ ತಡೆಯುವ ಬಾಗಿಲನ್ನು ಚೌಕಟ್ಟು, ತಿರುಗಣಿ, ಸ್ಕ್ರೂ ಸಮೇತ ಒಂದೇ ಘಟಕವಾಗಿ ಪರೀಕ್ಷಿಸಲಾಗುತ್ತದೆ. ಅಲ್ಯೂಮಿನಿಯಂ 660 ಡಿಗ್ರಿಯಲ್ಲಿ ಕರಗುತ್ತದೆ. ಪರೀಕ್ಷಾ ಕುಲುಮೆ ಆ ಬಿಸಿಯನ್ನು ಹತ್ತು ನಿಮಿಷಗಳೊಳಗೆ ದಾಟುವುದರಿಂದ, ಉಕ್ಕಿನ ತಿರುಗಣಿಯನ್ನು ತೆಗೆದು ಅಲ್ಯೂಮಿನಿಯಮ್ಮಿನದನ್ನು ಕೂರಿಸಿದ ಬಾಗಿಲು ಹೆಸರಿಗಷ್ಟೇ ಅಗ್ನಿನಿರೋಧಕವಾಗಿ ಉಳಿಯುತ್ತದೆ. ಕಳ್ಳರ ಭಯದಿಂದ ಎಲ್ಲ ಕಿಟಕಿಗಳಿಗೂ ಗ್ರಿಲ್ ಬೆಸೆದುಬಿಡುವ ಮನೆಗಳಲ್ಲಿ ಮೇಲಂತಸ್ತಿನ ಒಂದು ಗ್ರಿಲ್ಲನ್ನಾದರೂ ತಿರುಗಣಿಯ ಮೇಲೆ ಕೂರಿಸಿ, ಒಳಗಿನಿಂದ ಬೀಗದಕೈ ಇಲ್ಲದೆ ತೆರೆಯುವಂತೆ ಮಾಡುವುದು ಜೀವ ಉಳಿಸುವ ಕೆಲಸ.

ಕೀಲುಗಳು ಬೆಂಕಿಗೆ ಸೋಲುವುದಷ್ಟೇ ಅಲ್ಲ, ಬೆಂಕಿಗೆ ಕಾರಣವೂ ಆಗುತ್ತವೆ. ಹತ್ತಿಯ ಜಿನ್ನಿಂಗ್ ಮಿಲ್ಲಿನಲ್ಲಿ ಯಂತ್ರದಿಂದ ಸಡಿಲಿ ಬಿದ್ದ ನಟ್ಟು, ಹತ್ತಿಯೊಂದಿಗೆ ಬಂದ ಮೊಳೆ ತಿರುಗುವ ಭಾಗಗಳಿಗೆ ತಾಗಿ ಕಿಡಿ ಹಾರಿಸುತ್ತದೆ. ಆ ಕಿಡಿ ಅರಳೆಯಲ್ಲಿ ಹುದುಗಿ, ಒತ್ತಿ ಕಟ್ಟಿದ ಹತ್ತಿಯ ಬೇಲ್‌ನ ಒಳಗೇ ಬಹಳ ಹೊತ್ತು ಹೊಗೆಯಾಡಿ, ಆಮೇಲೆ ಹೊತ್ತಿಕೊಳ್ಳಬಲ್ಲದು. ಅದುರುವ ಯಂತ್ರಕ್ಕೆ ಲಾಕ್ ನಟ್ ಹಾಕುವುದು, ಹತ್ತಿಯ ಹಾದಿಯಲ್ಲಿ ಕಬ್ಬಿಣ ಸೆಳೆಯುವ ಅಯಸ್ಕಾಂತ ಇಡುವುದು ಇದಕ್ಕೆ ಪರಿಹಾರ. ಅಂಗಡಿಯ ಸ್ವಿಚ್‌ಬೋರ್ಡಿನಲ್ಲಿ ವೈರನ್ನು ಬಿಗಿದಿರುವ ಸ್ಕ್ರೂ ಸಡಿಲವಾದರೂ ಅಪಾಯ ಇಂಥದೇ: ಸಂಪರ್ಕ ಕೆಟ್ಟಲ್ಲಿ ವಿದ್ಯುತ್ತಿಗೆ ಅಡ್ಡಿಯಾಗಿ ಬಿಸಿ ಹುಟ್ಟುತ್ತದೆ, ಹೊದಿಕೆ ಕರಗುತ್ತದೆ, ಪಕ್ಕದಲ್ಲೇ ಪೇರಿಸಿದ ಬಟ್ಟೆಗೆ ಬೆಂಕಿ ತಗಲುತ್ತದೆ. ಅಲ್ಯೂಮಿನಿಯಂ ತಂತಿ ಒತ್ತಡಕ್ಕೆ ನಿಧಾನವಾಗಿ ಜರುಗಿ ಸಡಿಲುವುದರಿಂದ ಅಲ್ಲಿ ತಕ್ಕ ಲಗ್ ಒತ್ತಿ ಕೂರಿಸಿ, ಆಗಾಗ ಬಿಗಿತ ನೋಡುವುದು ಅಗತ್ಯ.

ಮರದ ತೊಲೆ, ಜಂತಿಗಳ ಹಳೆಯ ಮಾಳಿಗೆ ಮನೆಗಳಿಗೂ ಇದೇ ವಿಚಾರ ಅನ್ವಯಿಸುತ್ತದೆ. ದಪ್ಪ ತೊಲೆಯ ಹೊರಮೈ ನಿಮಿಷಕ್ಕೆ ಸುಮಾರು 0.7 ಮಿಲಿಮೀಟರಿನಂತೆ ಇದ್ದಿಲಾಗುತ್ತ ಒಳಗಿನ ತಿರುಳನ್ನು ಕಾಪಾಡುತ್ತದೆ; ಆದರೆ ಹೊರಗೆ ಕಾಣುವ ಬೋಲ್ಟು ಬಿಸಿಯನ್ನು ನೇರವಾಗಿ ಆ ತಿರುಳಿಗೆ ಒಯ್ದು ಸುತ್ತಲಿನ ಮರವನ್ನು ಸುಡುತ್ತದೆ. ಅಂಥ ಮನೆಗಳನ್ನು ದುರಸ್ತಿ ಮಾಡುವಾಗ ಬೋಲ್ಟಿನ ತಲೆಯನ್ನು ಮರದೊಳಕ್ಕೆ ಇಳಿಸಿ, ಮೇಲೆ ಮರದ ಬಿರಡೆ ಬಡಿದು ಮುಚ್ಚಿದರೆ ಕೀಲು ಹೆಚ್ಚು ಹೊತ್ತು ಬಾಳುತ್ತದೆ.

ಕಟ್ಟಡದ ಅಂದಾಜುಪಟ್ಟಿಯಲ್ಲಿ ಸಿಮೆಂಟು, ಉಕ್ಕು, ಮರಳಿಗೆ ಒಂದೊಂದು ಸಾಲು ಇರುವಂತೆ ಈ ಕೀಲುಗಳಿಗೂ ಪ್ರತ್ಯೇಕ ಸಾಲು ಇರಬೇಕು. ಅದರಲ್ಲಿ ಲೋಹ ಯಾವುದು, ದರ್ಜೆ ಎಷ್ಟು, ಎಲ್ಲಿ ಬಳಸುವುದು, ಬೆಂಕಿಯಿಂದ ರಕ್ಷಣೆ ಹೇಗೆ ಎಂಬುದನ್ನು ಬರೆಸಿಕೊಳ್ಳಬೇಕು. ಸಂಹಿತೆ ಹೇಳುವ ಗಂಟೆಗಳು ಮಲಗಿದ ಮಕ್ಕಳನ್ನು, ನಡೆಯಲಾಗದ ಮುದುಕರನ್ನು ಹೊರಗೆ ಕರೆತರಲು ಬೇಕಾದ ಸಮಯ. ಆ ಸಮಯವನ್ನು ಕೆಲವು ರೂಪಾಯಿಗಳ ಉಳಿತಾಯಕ್ಕಾಗಿ ಬಿಟ್ಟುಕೊಡುವ ಹಕ್ಕು ಕಟ್ಟುವವರಿಗೂ ಕಟ್ಟಿಸುವವರಿಗೂ ಇಲ್ಲ.