ಆಂಪ್ಲಿಫೈಯರ್ ಫ್ಯೂಸ್‌ಗೆ ತಂತಿ ಸುತ್ತಬೇಡಿ

ಮನೆಯ ಹಳೇ ಆಂಪ್ಲಿಫೈಯರ್‌ನ ಫ್ಯೂಸ್ ಪದೇಪದೇ ಹೋಗ್ತಿದೆಯಾ? ಅದಕ್ಕೆ ತಂತಿ ಸುತ್ತಿ ಹಾಡು ಕೇಳ್ತಿದ್ದೀರಾ? ದಯವಿಟ್ಟು ನಿಲ್ಲಿಸಿ.

ಫ್ಯೂಸ್ ಹೋಯ್ತು ಅಂದ್ರೆ ಕರೆಂಟ್ ಮಿತಿ ಮೀರಿ ಹರಿದಿದೆ ಅಂತ ಅರ್ಥ. ಒಳಗೆ ಟ್ರಾನ್ಸಿಸ್ಟರ್ ಶಾರ್ಟ್ ಆಗಿರಬಹುದು, ಕೆಪಾಸಿಟರ್ ಹಾಳಾಗಿರಬಹುದು. ಕರೆಂಟ್ ಎರಡು ಪಟ್ಟಾದ್ರೆ ತಂತಿಯಲ್ಲಿ ಹುಟ್ಟೋ ಶಾಖ ನಾಲ್ಕು ಪಟ್ಟಾಗುತ್ತೆ! ಅದನ್ನ ತಡೆಯೋ ಫ್ಯೂಸೇ ಇಲ್ಲದಿದ್ರೆ ಟ್ರಾನ್ಸ್‌ಫಾರ್ಮರ್ ಕಾದು, ಇನ್ಸುಲೇಶನ್ ಸುಟ್ಟು, ಬೆಂಕಿ ಹತ್ತಬಹುದು.

ಹಾಗಾಗಿ ಮೂರು ಮಾತು ನೆನಪಿಡಿ.

ಒಂದು: ಸೆಟ್ ಹಿಂದೆ ಬರೆದಷ್ಟೇ ಆಂಪಿಯರ್‌ನ, ಅದೇ ಬಗೆಯ ಫ್ಯೂಸ್ ಹಾಕಿ. ಅದೂ ಹೋದ್ರೆ ರಿಪೇರಿಯವರಿಗೆ ತೋರಿಸಿ.

ಎರಡು: ಸೆಟ್ ಓಡ್ತಿರುವಾಗ ಗಾಳಿಕಿಂಡಿಗಳ ಮೇಲೆ ಬಟ್ಟೆ ಹೊದಿಸಬೇಡಿ.

ಮೂರು: ಸುಟ್ಟ ವಾಸನೆ ಬಂದ್ರೆ ತಕ್ಷಣ ಗೋಡೆಯ ಸ್ವಿಚ್ ಆಫ್ ಮಾಡಿ. ನೀರು ಮಾತ್ರ ಎರಚಬೇಡಿ.

ಹಳೇ ಸೆಟ್ ಇಟ್ಟುಕೊಂಡಿರೋ ನಿಮ್ಮವರಿಗೆಲ್ಲ ಈ ವಿಡಿಯೊ ಕಳಿಸಿ.